ಮಹಡಿಯ ಫೋಲ್ಡರ್ ಕೆಳಗಿನ ಲ್ಯಾಪ್‌ಟಾಪ್‌ನಲ್ಲಿ ತೆರೆಯಬೇಕಾದರೆ

ಕಣ್ಣು ಕಾಣದ ಓದುಗರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುತ್ತೇನೆ. ಮುದ್ರಣ ನಡೆಯುವುದು ಮಹಡಿಯ ಕೋಣೆಯ ಡೆಸ್ಕ್‌ಟಾಪ್‌ನಲ್ಲಿ. ಅದನ್ನು ಪೂರ್ತಿ ಕೇಳಿ, ನುಂಗಿದ ಅಕ್ಷರ, ತಪ್ಪಿದ ಒತ್ತು, ಪುಟ ಮಗುಚಿದ ಸದ್ದು ಎಲ್ಲಕ್ಕೂ ಗುರುತು ಹಾಕುವವಳು ಮಗಳು, ಕೆಳಗೆ ತನ್ನ ಲ್ಯಾಪ್‌ಟಾಪ್ ಮುಂದೆ ಕೂತು. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಮುದ್ರಿಸಿದರೆ ಒಂದು ಗಂಟೆಯ ಮಾನೋ ಧ್ವನಿಯೇ 500 ಎಂಬಿ ದಾಟುತ್ತದೆ. ಹತ್ತು ಹೆಜ್ಜೆ ದೂರದಲ್ಲಿರುವ ಯಂತ್ರಕ್ಕೆ ಅದನ್ನು ತಲುಪಿಸಲು ಇಂಟರ್ನೆಟ್‌ಗೆ ಏರಿಸಿ ಮತ್ತೆ ಇಳಿಸಿಕೊಳ್ಳುವುದು ನನಗೆ ಸರಿಯೆನಿಸುವುದಿಲ್ಲ. ಪೆನ್‌ಡ್ರೈವ್ ಇನ್ನೂ ತೊಂದರೆ. ಅದರಲ್ಲಿ ಒಂದು ಪ್ರತಿ, ಇಲ್ಲೊಂದು ಪ್ರತಿ, ಅಲ್ಲೊಂದು ಪ್ರತಿ ಆಗಿ, ತಿದ್ದಿದ್ದು ಯಾವುದು ತಿದ್ದದೇ ಉಳಿದದ್ದು ಯಾವುದು ಎಂಬ ಲೆಕ್ಕವೇ ತಪ್ಪುತ್ತದೆ. ಹಾಗಾಗಿ ನಮ್ಮಲ್ಲಿ ಡೆಸ್ಕ್‌ಟಾಪ್‌ನ ಒಂದು ಫೋಲ್ಡರನ್ನು ಶೇರ್ ಮಾಡಿ, ಅದನ್ನೇ ಇಬ್ಬರೂ ತೆರೆಯುವ ಪದ್ಧತಿ.

ಮಗಳಿಗೆ ಹೊಸ ಲ್ಯಾಪ್‌ಟಾಪ್ ಬಂತು, ಅದೇ ಸುಮಾರಿಗೆ ಮನೆಯ ರೌಟರೂ ಬದಲಾಯಿತು. ಫೋಲ್ಡರ್ ಸಿಗದಾಯಿತು. ಎರಡರಲ್ಲೂ ವಿಂಡೋಸ್ 11 ಪ್ರೊ, ಎರಡಕ್ಕೂ ಇಂಟರ್ನೆಟ್ ಚೆನ್ನಾಗಿಯೇ ಬರುತ್ತಿತ್ತು, ಆದರೆ ಒಂದಕ್ಕೊಂದು ಗೊತ್ತೇ ಇಲ್ಲ.

ಇಂಥ ಹೊತ್ತಿನಲ್ಲಿ ಹುಡುಕಿದರೆ ಸಿಗುವ ಸಲಹೆಗಳು ಹೆಚ್ಚಾಗಿ ಒಂದೇ ರೀತಿಯವು: ಫೈರ್‌ವಾಲ್ ಆಫ್ ಮಾಡಿ, ಪಾಸ್‌ವರ್ಡ್ ಕೇಳುವುದನ್ನು ತೆಗೆದುಹಾಕಿ, 'ಎವ್ರಿಒನ್'ಗೆ, ಅಂದರೆ ಎಲ್ಲರಿಗೂ, ಎಲ್ಲ ಅನುಮತಿ ಕೊಡಿ, ಫೈಲ್ ಹಂಚಿಕೆಯ ಹಳೆಯ ಪದ್ಧತಿಯಾದ ಎಸ್‌ಎಂಬಿ 1 ಆನ್ ಮಾಡಿ. ನಾಲ್ಕನ್ನೂ ಒಟ್ಟಿಗೆ ಮಾಡಿದವರಿಗೆ ಫೋಲ್ಡರ್ ಸಿಕ್ಕರೂ ಸಿಗಬಹುದು. ಯಾವುದರಿಂದ ಸಿಕ್ಕಿತೆಂದು ಮಾತ್ರ ತಿಳಿಯುವುದಿಲ್ಲ, ಮನೆಯ ಕಂಪ್ಯೂಟರ್ ಬಾಗಿಲು ತೆರೆದುಕೊಂಡೇ ಉಳಿಯುತ್ತದೆ. ನಾನು ಬೇರೆ ರೀತಿ ಹೋಗುತ್ತೇನೆ. ಪರದೆಯ ಮೇಲೆ ಬರುವ ಎರರನ್ನು ಪೂರ್ತಿ ಓದುತ್ತೇನೆ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುತ್ತೇನೆ, ಎರರ್ ಬದಲಾಯಿತೇ ಎಂದು ನೋಡುತ್ತೇನೆ. ಎರರ್ ಬದಲಾದರೆ ಕೆಲಸ ಮುಂದೆ ಹೋಗಿದೆ ಎಂದೇ ಅರ್ಥ. ಮೊದಲಿದ್ದ ತಡೆ ಹೋಗಿದೆ, ಈಗ ಎದುರಿಗಿರುವುದು ಅದರ ಮುಂದಿನದು.

ಮೊದಲ ದಿನ ಬಂದ ಎರರ್, ನೆಟ್‌ವರ್ಕ್ ಪಾತ್ ಸಿಗಲಿಲ್ಲ ಎಂಬುದು. ಅದರ ಸಂಕೇತದ ಕೊನೆಯಲ್ಲಿ 80070035 ಎಂದಿರುತ್ತದೆ. ಕಮಾಂಡ್ ಪ್ರಾಂಪ್ಟ್‌ನಲ್ಲಾದರೆ ಇದೇ ಸಂಗತಿ ಸಿಸ್ಟಮ್ ಎರರ್ 53 ಎಂದು ಕಾಣುತ್ತದೆ. ಈ ಹಂತದಲ್ಲಿ ಪಾಸ್‌ವರ್ಡಿನ ಬಗ್ಗೆಯಾಗಲೀ ಫೋಲ್ಡರಿನ ಅನುಮತಿಯ ಬಗ್ಗೆಯಾಗಲೀ ಯೋಚಿಸಿ ಫಲವಿಲ್ಲ. ಲ್ಯಾಪ್‌ಟಾಪ್ ಇನ್ನೂ ಡೆಸ್ಕ್‌ಟಾಪ್ ತನಕ ಹೋಗಿಯೇ ಇಲ್ಲ.

ಎರಡೂ ಯಂತ್ರಗಳಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಎಂದು ಕೊಟ್ಟೆವು. ಡೆಸ್ಕ್‌ಟಾಪಿನ ವಿಳಾಸ 192.168.1.20, ಲ್ಯಾಪ್‌ಟಾಪಿನದು 192.168.0.12. ಚುಕ್ಕಿಗಳ ನಡುವಿನ ಮೂರನೆಯ ಸಂಖ್ಯೆ ಬೇರೆ. ಮನೆಯ ಸಾಮಾನ್ಯ ರೌಟರುಗಳಲ್ಲಿ ಸಬ್‌ನೆಟ್ ಮಾಸ್ಕ್ 255.255.255.0 ಇರುವುದರಿಂದ, ಮೊದಲ ಮೂರು ಸಂಖ್ಯೆಗಳು ಒಂದೇ ಆಗಿದ್ದರೆ ಮಾತ್ರ ಎರಡೂ ಒಂದೇ ನೆಟ್‌ವರ್ಕಿನಲ್ಲಿವೆ. ನಮ್ಮಲ್ಲಿ ಎರಡು ನೆಟ್‌ವರ್ಕ್ ಹುಟ್ಟಿದ್ದಕ್ಕೆ ಕಾರಣ ಹಳೆಯ ರೌಟರ್. ಕೆಳಗಿನ ಕೋಣೆಗೆ ಸಿಗ್ನಲ್ ಸಾಲದೆಂದು ಅದನ್ನು ಹೊಸ ರೌಟರಿಗೆ ಕೇಬಲ್‌ನಿಂದ ಜೋಡಿಸಿ ಕೆಳಗಿಟ್ಟಿದ್ದರು. ಅದು ರೌಟರಾಗಿಯೇ ಕೆಲಸ ಮಾಡುತ್ತಾ, ತನ್ನ ಹಿಂದಿರುವ ಯಂತ್ರಗಳಿಗೆ ತಾನೇ ಬೇರೆ ವಿಳಾಸ ಹಂಚುತ್ತಿತ್ತು.

ಈ ಸ್ಥಿತಿಯ ಒಂದು ವಿಚಿತ್ರ ಗುಣವನ್ನು ಹೇಳಲೇಬೇಕು, ಏಕೆಂದರೆ ಎಷ್ಟೋ ಜನ ಇಲ್ಲೇ ದಿಕ್ಕು ತಪ್ಪುತ್ತಾರೆ. ಒಳಗಿನ ರೌಟರಿನ ಹಿಂದಿರುವ ಲ್ಯಾಪ್‌ಟಾಪ್, ಹೊರಗಿನ ನೆಟ್‌ವರ್ಕಿನ ಡೆಸ್ಕ್‌ಟಾಪನ್ನು ಐಪಿ ವಿಳಾಸ ಕೊಟ್ಟು ತಲುಪಬಲ್ಲದು. ಡೆಸ್ಕ್‌ಟಾಪಿಗೆ ಮಾತ್ರ ಲ್ಯಾಪ್‌ಟಾಪ್ ಸಿಗುವುದಿಲ್ಲ. ಇನ್ನು ಕಂಪ್ಯೂಟರಿನ ಹೆಸರು ಕೊಟ್ಟು ಹುಡುಕಿದರೆ ಎರಡೂ ಕಡೆಯಿಂದ ಸಿಗುವುದಿಲ್ಲ, ಹೆಸರನ್ನು ಕೂಗಿ ಕೇಳುವ ಸಂದೇಶಗಳು ರೌಟರನ್ನು ದಾಟಿ ಹೋಗುವುದಿಲ್ಲವಾದ್ದರಿಂದ. ಒಂದು ಕಡೆಯಿಂದ ಸಿಗುತ್ತದೆ, ಇನ್ನೊಂದು ಕಡೆಯಿಂದ ಸಿಗುವುದಿಲ್ಲ ಎಂಬ ದೂರು ಕೇಳಿದರೆ ನಾನು ಮೊದಲು ಕೇಳುವುದು, ಮನೆಯಲ್ಲಿ ಎಷ್ಟು ರೌಟರ್ ಇವೆ ಎಂದು.

ಹಳೆಯ ರೌಟರಿನ ಸೆಟ್ಟಿಂಗ್‌ನಲ್ಲಿ, ತಾನು ವಿಳಾಸ ಹಂಚದೆ ಸಿಗ್ನಲ್ ಮಾತ್ರ ಕೊಡುವ ಆ್ಯಕ್ಸೆಸ್ ಪಾಯಿಂಟ್ ಮೋಡ್ ಇತ್ತು. ಅದಕ್ಕೆ ಬದಲಿಸಿದ ಮೇಲೆ ಲ್ಯಾಪ್‌ಟಾಪಿಗೂ 192.168.1 ಎಂದೇ ಶುರುವಾಗುವ ವಿಳಾಸ ಬಂತು. ಎಲ್ಲ ರೌಟರಿನಲ್ಲೂ ಈ ಮೋಡ್ ಇರುವುದಿಲ್ಲ. ಇಲ್ಲದಿದ್ದರೆ ಅದರಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ನಿಲ್ಲಿಸಿ, ಮೇಲಿನಿಂದ ಬರುವ ಕೇಬಲನ್ನು ಇಂಟರ್ನೆಟ್‌ಗೆಂದು ಇರುವ ವ್ಯಾನ್ ಪೋರ್ಟಿನಿಂದ ಕಿತ್ತು, ಮನೆಯ ಯಂತ್ರಗಳಿಗೆಂದು ಇರುವ ಲ್ಯಾನ್ ಪೋರ್ಟಿಗೆ ಹಾಕಿದರೂ ಆಗುತ್ತದೆ. ಆಗ ಆ ರೌಟರಿನ ಸ್ವಂತ ವಿಳಾಸ ಮುಖ್ಯ ರೌಟರಿನ ವಿಳಾಸವೇ ಆಗಿರಬಾರದು, ಅಷ್ಟು ನೋಡಿಕೊಳ್ಳಬೇಕು. ಗೆಸ್ಟ್ ವೈಫೈಗೆ ಸೇರಿದ ಯಂತ್ರಗಳದ್ದೂ ಇದೇ ಪಾಡು, ಬೇಕೆಂದೇ ಅವನ್ನು ಉಳಿದ ಯಂತ್ರಗಳಿಂದ ಬೇರೆ ಇಟ್ಟಿರುತ್ತಾರೆ. ವಿಳಾಸ 169.254 ಎಂದು ಶುರುವಾಗಿದ್ದರೆ ರೌಟರಿನಿಂದ ವಿಳಾಸವೇ ಬಂದಿಲ್ಲ, ಮೊದಲು ಕೇಬಲ್ ನೋಡಿ.

ಒಂದೇ ನೆಟ್‌ವರ್ಕಿಗೆ ಬಂದರೂ ಅದೇ ಎರರ್.

"ಅಮ್ಮಾ, ಪಿಂಗ್ ಮಾಡಿದ್ರೂ ಉತ್ತರ ಬರ್ತಿಲ್ಲ. ಕೇಬಲ್ ಸರಿಯಿದೆಯಾ ನೋಡು" ಎಂದಳು ಮಗಳು.

ಪಿಂಗ್ ಎಂದರೆ ಇನ್ನೊಂದು ಯಂತ್ರವನ್ನು ಅಲ್ಲಿದ್ದೀಯಾ ಎಂದು ಕೇಳುವ ಸಂದೇಶ. ಅದಕ್ಕೆ ಉತ್ತರ ಬರದಿದ್ದರೆ ಆ ಯಂತ್ರ ಅಲ್ಲಿಲ್ಲ ಎಂದೇನೂ ಅಲ್ಲ. ಅಲ್ಲಿದ್ದುಕೊಂಡೇ ಪಿಂಗ್‌ಗೆ ಉತ್ತರ ಕೊಡದಂತೆ ಫೈರ್‌ವಾಲ್ ತಡೆದಿರಬಹುದು. ನಮಗೆ ಬೇಕಾದದ್ದು ಪಿಂಗ್ ಅಲ್ಲ, ಫೈಲ್ ಹಂಚಿಕೆ ನಡೆಯುವ 445ನೇ ಪೋರ್ಟ್. ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಎಂಬ ಆಜ್ಞೆಗೆ ಡೆಸ್ಕ್‌ಟಾಪಿನ ವಿಳಾಸವನ್ನೂ ಪೋರ್ಟ್ 445 ಎಂಬುದನ್ನೂ ಕೊಟ್ಟರೆ, ಕೊನೆಯ ಸಾಲಿನಲ್ಲಿ ಟ್ರೂ ಅಥವಾ ಫಾಲ್ಸ್ ಎಂದು ಉತ್ತರ ಬರುತ್ತದೆ. ಇಡೀ ಹುಡುಕಾಟದಲ್ಲಿ ನಾನು ಹೆಚ್ಚು ನಂಬುವ ಪರೀಕ್ಷೆ ಇದು. ಫೈರ್‌ವಾಲ್ ಆಫ್ ಮಾಡಿ ನೋಡುವ ಅಗತ್ಯವನ್ನೇ ಇದು ತಪ್ಪಿಸುತ್ತದೆ. ನಮಗೆ ಬಂದದ್ದು ಫಾಲ್ಸ್.

ಕಾರಣ ಡೆಸ್ಕ್‌ಟಾಪಿನಲ್ಲಿತ್ತು. ರೌಟರ್ ಬದಲಾದರೆ ವಿಂಡೋಸ್ ಪಾಲಿಗೆ ಅದು ಪರಿಚಯವಿಲ್ಲದ ಹೊಸ ನೆಟ್‌ವರ್ಕ್, ಅದನ್ನು ಪಬ್ಲಿಕ್ ಎಂದು ಗುರುತಿಸಿ ಹೊರಗಿನಿಂದ ಬರುವ ಹಂಚಿಕೆಯ ಕೋರಿಕೆಗಳನ್ನು ಮುಚ್ಚಿಬಿಡುತ್ತದೆ. ನಿಲ್ದಾಣದಲ್ಲೋ ಹೋಟೆಲಿನಲ್ಲೋ ಇದು ಬೇಕಾದ ರಕ್ಷಣೆ, ನಾನು ಅದನ್ನು ದೂರುವುದಿಲ್ಲ. ಮನೆಯಲ್ಲಿ ಮಾತ್ರ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗಕ್ಕೆ ಹೋಗಿ, ಆ ಸಂಪರ್ಕದ ಪ್ರಾಪರ್ಟೀಸ್ ತೆರೆದು ಪ್ರೈವೇಟ್ ಎಂದು ಬದಲಿಸಬೇಕು. ಜೊತೆಗೆ ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ನೆಟ್‌ವರ್ಕಿನ ಕೆಳಗೆ ನೆಟ್‌ವರ್ಕ್ ಡಿಸ್ಕವರಿಯೂ ಫೈಲ್ ಅಂಡ್ ಪ್ರಿಂಟರ್ ಶೇರಿಂಗೂ ಆನ್ ಇರಬೇಕು. ಫೋಲ್ಡರ್ ಯಾವ ಯಂತ್ರದಲ್ಲಿದೆಯೋ ಅಲ್ಲಿ ಇದನ್ನು ನೋಡುವುದು ಮುಖ್ಯ. ಲ್ಯಾಪ್‌ಟಾಪಿನಲ್ಲಿ ಎಷ್ಟು ಹುಡುಕಿದರೂ ಇದು ಸರಿಯಾಗುತ್ತಿರಲಿಲ್ಲ. ಬೇರೆ ಕಂಪನಿಯ ಆಂಟಿವೈರಸ್ ಹಾಕಿದ್ದರೆ ಅದರದೇ ಫೈರ್‌ವಾಲ್ ಇರಬಹುದು, ವಿಪಿಎನ್ ಓಡುತ್ತಿದ್ದರೆ ಅದೂ ಮನೆಯ ನೆಟ್‌ವರ್ಕನ್ನು ಮುಚ್ಚಿರಬಹುದು.

ಬದಲಿಸಿದ ಮೇಲೆ 445ಕ್ಕೆ ಟ್ರೂ ಬಂತು, ಎರರೂ ಬದಲಾಯಿತು. ಹೊಸ ಎರರ್ ಓದಿದ ಮಗಳು ಗಾಬರಿಯಾದಳು. ನಿಮ್ಮ ಸಂಸ್ಥೆಯ ಭದ್ರತಾ ನೀತಿಗಳು ಗುರುತು ಹೇಳದ ಅತಿಥಿ ಪ್ರವೇಶವನ್ನು ತಡೆಯುತ್ತವೆ ಎಂಬರ್ಥದ ಇಂಗ್ಲಿಷ್ ಸಾಲು ಅದು.

"ನಮ್ಮನೇಲಿ ಯಾವ ಸಂಸ್ಥೆ ಅಮ್ಮಾ? ಲ್ಯಾಪ್‌ಟಾಪ್ ಯಾರದೋ ಆಫೀಸಿನ ಹೆಸರಲ್ಲಿ ಇದೆಯಾ?"

ಇಲ್ಲ. ಹಳೆಯ ಲ್ಯಾಪ್‌ಟಾಪಿನ ಕಾಲದಿಂದಲೂ ಡೆಸ್ಕ್‌ಟಾಪಿನಲ್ಲಿ ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಆಫ್ ಇತ್ತು. ಅಂದರೆ ಯಾರು ಬಂದರೂ ಅತಿಥಿ ಎಂದು ಒಳಗೆ ಬಿಡುತ್ತಿತ್ತು. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಪ್ರೊನಲ್ಲಿ ಈ ಅತಿಥಿ ಪ್ರವೇಶ ಮೊದಲಿನಿಂದಲೇ ಬಂದ್ ಇರುತ್ತದೆ. ಎಂಟರ್‌ಪ್ರೈಸ್ ಮತ್ತು ಎಜುಕೇಷನ್ ಆವೃತ್ತಿಗಳಲ್ಲಿ ವಿಂಡೋಸ್ 10ರ ಕಾಲದಲ್ಲೇ ಹೀಗಾಗಿತ್ತು. ಲ್ಯಾಪ್‌ಟಾಪ್ ಹೊಸದಾದ್ದರಿಂದ ತಾನಾಗಿಯೇ ಅತಿಥಿಯಾಗಿ ಹೋಗಲು ಒಪ್ಪುತ್ತಿರಲಿಲ್ಲ. ಗ್ರೂಪ್ ಪಾಲಿಸಿಯಲ್ಲಿ ಆ ತಡೆಯನ್ನು ತೆಗೆಯುವ ದಾರಿ ಇದೆ, ಎಷ್ಟೋ ವಿಡಿಯೋಗಳು ಅದನ್ನೇ ತೋರಿಸುತ್ತವೆ. ನನಗದು ಬೇಡ. ಇನ್ನೂ ಪ್ರಕಟವಾಗದ ಧ್ವನಿಪುಸ್ತಕಗಳು ಆ ಫೋಲ್ಡರಿನಲ್ಲಿವೆ, ವೈಫೈ ಪಾಸ್‌ವರ್ಡ್ ಗೊತ್ತಿರುವ ಪ್ರತಿಯೊಬ್ಬರಿಗೂ ಅವು ತೆರೆಯಬಾರದು. ಡೆಸ್ಕ್‌ಟಾಪಿನಲ್ಲಿ ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗನ್ನು ಆನ್ ಮಾಡಿದೆ.

ಈಗ ಲ್ಯಾಪ್‌ಟಾಪ್ ಹೆಸರು ಮತ್ತು ಪಾಸ್‌ವರ್ಡ್ ಕೇಳಿತು. ಮಗಳು ಡೆಸ್ಕ್‌ಟಾಪಿನ ಪಿನ್ ಹಾಕಿದಳು, ತಪ್ಪು ಎಂದಿತು. ಮತ್ತೆ ಹಾಕಿದಳು, ಮತ್ತೆ ತಪ್ಪು. ಪಿನ್ ಸರಿಯಾಗಿಯೇ ಇತ್ತು, ಆದರೆ ಪಿನ್ ಆ ಯಂತ್ರದ ಮುಂದೆ ಕೂತವರಿಗಷ್ಟೇ ನಡೆಯುತ್ತದೆ, ನೆಟ್‌ವರ್ಕಿನ ಮೂಲಕ ಬರುವವರಿಗೆ ಖಾತೆಯ ಪಾಸ್‌ವರ್ಡೇ ಬೇಕು. ದಿನವೂ ಪಿನ್ ಒತ್ತಿಯೋ ಬೆರಳಿಟ್ಟೋ ಕಂಪ್ಯೂಟರ್ ತೆರೆಯುವ ಮನೆಗಳಲ್ಲಿ ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ, ಅದಕ್ಕೇ ಈ ಹಂತದಲ್ಲಿ ಅಷ್ಟು ಜನ ಸಿಕ್ಕಿಬೀಳುವುದು. ಖಾತೆಗೆ ಪಾಸ್‌ವರ್ಡೇ ಇಲ್ಲದಿದ್ದರೂ ಆಗದು: ಖಾಲಿ ಪಾಸ್‌ವರ್ಡಿನ ಸ್ಥಳೀಯ ಖಾತೆಯನ್ನು ವಿಂಡೋಸ್ ನೆಟ್‌ವರ್ಕಿನಿಂದ ಒಳಗೆ ಬಿಡುವುದಿಲ್ಲ.

ನಾನು ಮಾಡಿದ್ದು, ಬೇರೆಯವರಿಗೂ ಹೇಳುವುದು ಇದು. ಫೋಲ್ಡರ್ ಇರುವ ಯಂತ್ರದಲ್ಲಿ ಹಂಚಿಕೆಗೆಂದೇ ಒಂದು ಪ್ರತ್ಯೇಕ ಸ್ಥಳೀಯ ಖಾತೆ ತೆರೆಯಿರಿ, ಅದಕ್ಕೊಂದು ಗಟ್ಟಿ ಪಾಸ್‌ವರ್ಡ್ ಕೊಡಿ. ಅದು ಸಾಮಾನ್ಯ ಖಾತೆಯಾಗಿರಲಿ, ಅಡ್ಮಿನಿಸ್ಟ್ರೇಟರ್ ಬೇಡ. ಲ್ಯಾಪ್‌ಟಾಪಿನಲ್ಲಿ ಹೆಸರು ಕೇಳಿದಾಗ ಡೆಸ್ಕ್‌ಟಾಪಿನ ಹೆಸರು, ಹಿಂದಕ್ಕೆ ವಾಲಿದ ಗೆರೆ (\), ಆಮೇಲೆ ಆ ಖಾತೆಯ ಹೆಸರು ಕೊಡಿ. ಆಗ ಯಾವ ಯಂತ್ರದ ಖಾತೆ ಎಂಬ ಗೊಂದಲ ಉಳಿಯುವುದಿಲ್ಲ. ನಿಮ್ಮ ಇಮೇಲ್ ಖಾತೆಯ ಪಾಸ್‌ವರ್ಡನ್ನು ಮನೆಯ ಇನ್ನೊಂದು ಯಂತ್ರದಲ್ಲಿ ಉಳಿಸಿಡಬೇಕಾದ ಪ್ರಸಂಗವೂ ಬರುವುದಿಲ್ಲ.

ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಕೇಳುತ್ತಲೇ ಇದ್ದರೆ ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್ ತೆರೆದು ನೋಡಬೇಕು. ಹಿಂದೆ ಉಳಿಸಿದ ತಪ್ಪು ಹೆಸರೋ ಹಳೆಯ ಪಾಸ್‌ವರ್ಡೋ ಅಲ್ಲಿ ಕೂತಿರುತ್ತದೆ. 1219 ಎಂಬ ಎರರ್ ಬಂದರೆ ಅದೇ ಯಂತ್ರಕ್ಕೆ ಬೇರೊಂದು ಹೆಸರಿನಲ್ಲಿ ಆಗಲೇ ಸಂಪರ್ಕ ಇದೆ ಎಂದು ತಿಳಿಯಬೇಕು. ಲ್ಯಾಪ್‌ಟಾಪಿನಲ್ಲಿ ಒಮ್ಮೆ ಸೈನ್ ಔಟ್ ಮಾಡಿ ಬಂದರೆ ಸಾಮಾನ್ಯವಾಗಿ ಅದು ಹೋಗುತ್ತದೆ.

ಫೋಲ್ಡರ್ ತೆರೆಯಿತು. ಮಗಳು ಕೂತು ಒಂದು ಅಧ್ಯಾಯ ಕೇಳಿದಳು, ಗುರುತುಗಳ ಫೈಲ್ ಉಳಿಸಲು ಹೋದಳು. ಆ್ಯಕ್ಸೆಸ್ ಡಿನೈಡ್.

ಇಷ್ಟು ದೂರ ಬಂದಮೇಲೆ ಈ ಎರರ್ ಕಂಡರೆ ನನಗೆ ನೆಮ್ಮದಿ. ನೆಟ್‌ವರ್ಕ್ ಸರಿ, ಫೈರ್‌ವಾಲ್ ಸರಿ, ಪಾಸ್‌ವರ್ಡ್ ಸರಿ, ನೀವು ಯಾರೆಂದು ಡೆಸ್ಕ್‌ಟಾಪಿಗೆ ಗೊತ್ತಾಗಿದೆ. ಉಳಿದಿರುವುದು ಅನುಮತಿ ಒಂದೇ. ವಿಂಡೋಸ್‌ನಲ್ಲಿ ಅನುಮತಿ ಎರಡು ಜಾಗದಲ್ಲಿರುತ್ತದೆ. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಶೇರಿಂಗ್ ಎಂಬ ಟ್ಯಾಬ್ ಒಂದು, ಸೆಕ್ಯುರಿಟಿ ಎಂಬ ಟ್ಯಾಬ್ ಇನ್ನೊಂದು. ನೆಟ್‌ವರ್ಕಿನಿಂದ ಬರುವವರಿಗೆ ಎರಡರಲ್ಲಿ ಯಾವುದು ಬಿಗಿಯೋ ಅದೇ ಅನ್ವಯಿಸುತ್ತದೆ. ಸೆಕ್ಯುರಿಟಿಯಲ್ಲಿ ಪೂರ್ತಿ ಅನುಮತಿ ಕೊಟ್ಟು ಶೇರಿಂಗ್‌ನಲ್ಲಿ ರೀಡ್ ಮಾತ್ರ ಬಿಟ್ಟರೆ ಓದಬಹುದು, ಬರೆಯಲಾಗದು. ಅಡ್ವಾನ್ಸ್ಡ್ ಶೇರಿಂಗ್‌ನಿಂದ ಶೇರ್ ಮಾಡಿದಾಗ ಮೊದಲಿಗೆ ಇರುವುದೇ ಎವ್ರಿಒನ್‌ಗೆ ರೀಡ್. ನಾನು ಎವ್ರಿಒನ್ ತೆಗೆದು, ಹಂಚಿಕೆಯ ಖಾತೆಯನ್ನು ಮಾತ್ರ ಸೇರಿಸಿ, ಎರಡೂ ಟ್ಯಾಬ್‌ಗಳಲ್ಲಿ ಅದಕ್ಕೆ ಬೇಕಾದಷ್ಟು ಕೊಟ್ಟೆ.

ಕೆಲವು ಅಧ್ಯಾಯಗಳು ತೆರೆಯುತ್ತವೆ, ಅದೇ ಫೋಲ್ಡರಿನ ಇನ್ನು ಕೆಲವು ತೆರೆಯುವುದಿಲ್ಲ ಎಂಬುದೂ ಎದುರಾಗಬಹುದು. ಒಂದೇ ಡ್ರೈವ್‌ನೊಳಗೆ ಫೈಲನ್ನು ಕಟ್ ಮಾಡಿ ತಂದು ಹಾಕಿದ್ದರೆ ಅದು ಹಳೆಯ ಜಾಗದ ಅನುಮತಿಗಳನ್ನೇ ಹೊತ್ತು ಬಂದಿರಬಹುದು. ಕಾಪಿ ಮಾಡಿ ಹಾಕಿದರೆ ಹೊಸ ಫೋಲ್ಡರಿನ ಅನುಮತಿ ಪಡೆಯುತ್ತದೆ. ಅಂಥ ಫೈಲ್ ಸಿಕ್ಕರೆ ಅದರ ಸೆಕ್ಯುರಿಟಿ ಟ್ಯಾಬನ್ನು ಪಕ್ಕದ ಫೈಲಿನದರ ಜೊತೆ ಹೋಲಿಸಿ, ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ.

ಇಷ್ಟಾದರೂ ಎಕ್ಸ್‌ಪ್ಲೋರರಿನ ಎಡಗಡೆ ನೆಟ್‌ವರ್ಕ್ ಒತ್ತಿದರೆ ಡೆಸ್ಕ್‌ಟಾಪ್ ಕಾಣುತ್ತಿರಲಿಲ್ಲ. ಕಾಣುವುದು ಬೇರೆ, ತೆರೆಯುವುದು ಬೇರೆ. ಆ ಪಟ್ಟಿಯಲ್ಲಿ ಕಾಣಬೇಕಾದರೆ ಡೆಸ್ಕ್‌ಟಾಪಿನಲ್ಲಿ ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಷನ್ ಎಂಬ ಸರ್ವಿಸ್ ಓಡುತ್ತಿರಬೇಕು, ಸರ್ವಿಸಸ್‌ನಲ್ಲಿ ಅದನ್ನು ಆಟೋಮ್ಯಾಟಿಕ್ ಮಾಡಿದರೆ ಕಾಣತೊಡಗುತ್ತದೆ. ಕಾಣದಿದ್ದರೂ ವಿಳಾಸಪಟ್ಟಿಯಲ್ಲಿ ಹಿಂದಕ್ಕೆ ವಾಲಿದ ಎರಡು ಗೆರೆ ಹಾಕಿ ಡೆಸ್ಕ್‌ಟಾಪಿನ ಹೆಸರನ್ನೋ ಐಪಿಯನ್ನೋ ಬರೆದರೆ ಫೋಲ್ಡರ್ ತೆರೆಯುತ್ತದೆ. ಮಗಳಿಗೆ ಅದನ್ನು ಒಂದು ಡ್ರೈವ್ ಅಕ್ಷರಕ್ಕೆ ಮ್ಯಾಪ್ ಮಾಡಿಕೊಟ್ಟೆ. ಐಪಿ ಬದಲಾಗದಂತೆ ರೌಟರಿನಲ್ಲಿ ಡೆಸ್ಕ್‌ಟಾಪಿಗೆ ವಿಳಾಸ ಕಾಯ್ದಿರಿಸಿದೆ. ಎರಡೂ ಯಂತ್ರಗಳ ವರ್ಕ್‌ಗ್ರೂಪ್ ಹೆಸರು ಒಂದೇ ಇರಬೇಕೆಂದು ಹಲವರು ಹೇಳುತ್ತಾರೆ, ಹೀಗೆ ನೇರವಾಗಿ ಬರೆದು ತೆರೆಯಲು ಅದು ಬೇಕಿಲ್ಲ. ಹೋಮ್‌ಗ್ರೂಪ್ ಹುಡುಕಿ ಎನ್ನುವ ಲೇಖನ ಸಿಕ್ಕರೆ ಮುಚ್ಚಿಬಿಡಿ, 2018ರಲ್ಲೇ ವಿಂಡೋಸ್ 10ರಿಂದ ಅದನ್ನು ತೆಗೆದಿದ್ದಾರೆ.

ಎಸ್‌ಎಂಬಿ 1ರ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಎಸ್‌ಎಂಬಿ ಎಂದರೆ ಈ ಹಂಚಿಕೆ ನಡೆಯುವ ಪ್ರೋಟೋಕಾಲ್, 1980ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿದ್ದು. ಅದರ ಮೊದಲ ಆವೃತ್ತಿಯನ್ನು ವಿಂಡೋಸ್ ನಿಭಾಯಿಸುತ್ತಿದ್ದ ರೀತಿಯಲ್ಲಿದ್ದ ದೋಷವನ್ನು ಹಿಡಿದೇ 2017ರ ಮೇ ತಿಂಗಳಲ್ಲಿ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಎಂಬ ದುಷ್ಟ ಪ್ರೋಗ್ರಾಂ ಜಗತ್ತಿನಾದ್ಯಂತ ಹರಡಿ, ಬ್ರಿಟನ್ನಿನ ಆಸ್ಪತ್ರೆಗಳ ಕೆಲಸವನ್ನೂ ಕೆಡಿಸಿತು. ಅದನ್ನು ಸರಿಪಡಿಸುವ ಅಪ್‌ಡೇಟ್ ಅದೇ ವರ್ಷದ ಮಾರ್ಚಿನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಆ ವರ್ಷದ ಕೊನೆಯ ವಿಂಡೋಸ್ 10 ಆವೃತ್ತಿಯಿಂದ ಎಸ್‌ಎಂಬಿ 1 ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ ತಾನಾಗಿ ಬರುವುದು ನಿಂತಿತು. ವಿಂಡೋಸ್ ವಿಸ್ಟಾದಿಂದ ಈಚಿನ ಎಲ್ಲ ವಿಂಡೋಸ್‌ಗೂ ಎಸ್‌ಎಂಬಿ 2 ಬರುತ್ತದೆ. ಎರಡು ಈಚಿನ ಕಂಪ್ಯೂಟರುಗಳ ನಡುವೆ ಫೋಲ್ಡರ್ ಸಿಗುತ್ತಿಲ್ಲವೆಂದರೆ ಅದಕ್ಕೆ ಎಸ್‌ಎಂಬಿ 1 ಎಂದೂ ಉತ್ತರವಲ್ಲ.

ಒಂದು ಕಡೆ ಲಿನಕ್ಸ್ ಇದ್ದರೂ ಇದೇ ಕ್ರಮದಲ್ಲಿ ಹೋಗಬಹುದು. ಅಲ್ಲಿ ಹಂಚಿಕೆ ಮಾಡುವುದು ಸಾಂಬಾ, ಅದಕ್ಕೆ ತನ್ನದೇ ಪಾಸ್‌ವರ್ಡ್ ಪಟ್ಟಿ ಇರುತ್ತದೆ. ಲಿನಕ್ಸ್ ಖಾತೆಗೆ ಪಾಸ್‌ವರ್ಡ್ ಇದ್ದರೆ ಸಾಲದು, ಎಸ್‌ಎಂಬಿಪಾಸ್‌ಡಬ್ಲ್ಯುಡಿ (smbpasswd) ಆಜ್ಞೆಯಿಂದ ಸಾಂಬಾಗೂ ಬೇರೆಯಾಗಿ ಕೊಡಬೇಕು.

ವೇಗದ ವಿಷಯ ಚಿಕ್ಕದು. ಗಿಗಾಬಿಟ್ ಕೇಬಲಿನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಸಾಗಬೇಕು. 11 ಎಂಬಿಯ ಆಸುಪಾಸಿನಲ್ಲೇ ನಿಂತಿದ್ದರೆ ಸಂಪರ್ಕ 100 ಮೆಗಾಬಿಟ್‌ಗೆ ಇಳಿದಿದೆ. ಕೇಬಲಿನ ಎಂಟು ತಂತಿಗಳಲ್ಲಿ ಒಂದು ಕೆಟ್ಟಿದ್ದರೂ ಹೀಗಾಗಬಹುದು, ಕೇಬಲ್ ಬದಲಿಸಿ ನೋಡಿ. ರಾತ್ರಿ ಮಾತ್ರ ಫೋಲ್ಡರ್ ಸಿಗದಿದ್ದರೆ ಡೆಸ್ಕ್‌ಟಾಪ್ ಸ್ಲೀಪ್‌ಗೆ ಹೋಗಿರುತ್ತದೆ, ಪವರ್ ಸೆಟ್ಟಿಂಗ್ ನೋಡಿದರೆ ಆಯಿತು.

ಎಲ್ಲ ಸರಿಯಾದ ಮೇಲೆ ನಾನು ಮಾಡಿದ ಕೊನೆಯ ಕೆಲಸ, ಫೋಲ್ಡರನ್ನು ಎರಡಾಗಿ ಒಡೆದದ್ದು. ನೆಟ್‌ವರ್ಕಿನ ಮೂಲಕ ಇನ್ನೊಂದು ಯಂತ್ರದ ಫೈಲ್ ಅಳಿಸಿದರೆ ಅದು ಸಾಮಾನ್ಯವಾಗಿ ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ, ಅಲ್ಲಿಗೆ ಮುಗಿಯಿತು. ಗಂಟಲು ಕಟ್ಟುವಷ್ಟು ಓದಿದ ಅಧ್ಯಾಯ ಹಾಗೆ ಹೋಗುವುದನ್ನು ನಾನು ತಾಳಲಾರೆ. ಅದಕ್ಕೆ ಮೂಲ ಧ್ವನಿಯ ಫೋಲ್ಡರಿಗೆ ಹಂಚಿಕೆಯ ಖಾತೆಯಿಂದ ರೀಡ್ ಮಾತ್ರ, ಮಗಳ ಗುರುತುಗಳಿಗೆ ಬೇರೊಂದು ಫೋಲ್ಡರ್, ಅದರಲ್ಲಿ ಬರೆಯುವ ಅನುಮತಿ. ನಾನು ಎಡಿಟರಿನಲ್ಲಿ ಒಂದು ಅಧ್ಯಾಯ ತೆರೆದಿಟ್ಟಿರುವಾಗಲೇ ಅವಳೂ ಅದನ್ನು ತಿದ್ದಲು ಹೋಗಿ ಇಬ್ಬರ ಕೆಲಸ ಒಂದರ ಮೇಲೊಂದು ಬೀಳುವ ಭಯವೂ ಇದರಿಂದ ಹೋಯಿತು. ಅವಳು ಯಾವ ನಿಮಿಷದಲ್ಲಿ ಏನು ತಪ್ಪಿದೆ ಎಂದು ಪಠ್ಯದ ಫೈಲಿನಲ್ಲಿ ಬರೆದಿಡುತ್ತಾಳೆ, ನಾನು ಮೇಲೆ ಕೂತು ಅದನ್ನು ತೆರೆದು ಅಷ್ಟನ್ನು ಮತ್ತೆ ಓದುತ್ತೇನೆ. ವಾರಕ್ಕೊಮ್ಮೆ ಎರಡೂ ಫೋಲ್ಡರುಗಳ ಪ್ರತಿ ಹೊರಗಿನ ಹಾರ್ಡ್‌ಡಿಸ್ಕಿಗೆ ಹೋಗುತ್ತದೆ.